11 ವರ್ಷದ ನಮ್ಮ ನಾಯಿ ಕಾಳು ಫ್ಲ್ಯಾಟಿನಲ್ಲಿ ಒಂಟಿ ಇರಲಾರ, ಏನು ಮಾಡಲಿ?

ಶಿರಸಿ ಹತ್ತಿರದ ತೋಟದ ಮನೆ ಬಿಟ್ಟು ಕಾರವಾರದ ಕಾಜುಬಾಗಕ್ಕೆ ಬಂದಿದ್ದೇವೆ, ಎರಡನೇ ಮಹಡಿ. ನಾವಿಬ್ಬರೂ ಕೆಲಸಕ್ಕೆ ಹೊರಟರೆ ಕಾಳು ಊಳಿಡುತ್ತಾನೆ, ಬಾಗಿಲು ಕೆರೆಯುತ್ತಾನೆ, ಅಲ್ಲೇ ಉಚ್ಚೆ ಹೊಯ್ಯುತ್ತಾನೆ. ಊರಲ್ಲಿ ಈಗ ಯಾರೂ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಅಂಕೋಲಾದಿಂದ:
ಅಕ್ಕಾ, ನಮ್ಮ ಮುದಿ ನಾಯಿಯನ್ನು ಯಲ್ಲಾಪುರದಿಂದ ಇಲ್ಲಿಗೆ ತಂದಾಗಲೂ ಇದೇ ಪಾಡು. ತೋಟ ಬಿಟ್ಟಿದ್ದಕ್ಕಿಂತ ಅವಕ್ಕೆ ಒಂಟಿತನವೇ ಹೊಸದು. ಊರಮನೆಯಲ್ಲಿ ಕೊಟ್ಟಿಗೆಯಲ್ಲೋ ಜಗಲಿಯಲ್ಲೋ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಾಗಾಗಿ ಒಂಟಿ ಇರುವುದನ್ನು ಚೂರು ಚೂರೇ ಕಲಿಸಬೇಕು.

ಅದಕ್ಕೂ ಮೊದಲು ಪಶುವೈದ್ಯರಿಗೆ ತೋರಿಸಿ. ಈ ವಯಸ್ಸಿಗೆ ಗಂಟುನೋವು, ಮಂದಗಿವಿ, ಕಿಡ್ನಿ ತೊಂದರೆ, ಮುಪ್ಪಿನ ಮರೆವು ಇದ್ದರೂ ಹೀಗೇ ಆಡಬಹುದು. ನೀರು ಜಾಸ್ತಿ ಕುಡಿಯುತ್ತಿದ್ದರೆ, ನೀವು ಮನೆಯಲ್ಲಿದ್ದಾಗಲೂ ರಾತ್ರಿ ಗೊತ್ತುಗುರಿ ಇಲ್ಲದೆ ಸುತ್ತುತ್ತಿದ್ದರೆ ಮರೆಯದೆ ಹೇಳಿ. ಆತಂಕ ತೀರಾ ಹೆಚ್ಚಿದ್ದರೆ ಅವರೇ ಫ್ಲೂಆಕ್ಸೆಟಿನ್‌ನಂಥ ಔಷಧ ಬರೆದುಕೊಡಬಹುದು, ಅದರ ಗುಣ ಕಾಣಲು ಕೆಲವು ವಾರ ಬೇಕು. ಮನೆಯಲ್ಲಿರುವ ನಮ್ಮ ಮಾತ್ರೆ ಯಾವುದನ್ನೂ ಕೊಡಬೇಡಿ. ಇಬುಪ್ರೊಫೇನ್ ನಾಯಿಗೆ ವಿಷ.

ಇನ್ನು ಕಲಿಸುವ ಬಗೆ. ಚಪ್ಪಲಿ ಮೆಟ್ಟಿ, ಬೀಗದ ಕೈ ಹಿಡಿದು, ಮತ್ತೆ ಕುರ್ಚಿಯಲ್ಲಿ ಕುಳಿತುಬಿಡಿ. ದಿನಾ ಹೀಗೆ ಮಾಡಿ. ಬೀಗದ ಕೈಗೊಂಚಲಿನ ಸದ್ದಿಗೆ ಅವನು ಎದ್ದು ಬರುವುದು ನಿಂತ ಮೇಲೆ ಬಾಗಿಲಾಚೆ ನಿಂತು ಐದೆಣಿಸಿ ಒಳಗೆ ಬನ್ನಿ. ಆಮೇಲೆ ಮೆಟ್ಟಿಲ ತನಕ, ಗೇಟಿನ ತನಕ. ಅವನು ಕೂಗುವ ಮುಂಚೆಯೇ ನೀವು ವಾಪಸಾಗಿರಬೇಕು, ಇದು ಬಹಳ ಮುಖ್ಯ. ಹಳೇ ಫೋನಿನಲ್ಲಿ ವಿಡಿಯೋ ಹಚ್ಚಿಟ್ಟು ಹೋದರೆ ಯಾವಾಗ ಬಾಗಿಲಿಗೆ ಬರುತ್ತಾನೆಂದು ಗೊತ್ತಾಗುತ್ತದೆ. ಅಭ್ಯಾಸ ಆಗುವವರೆಗೆ ಇಬ್ಬರೂ ಒಟ್ಟಿಗೆ ಹೋಗುವುದನ್ನು ಆದಷ್ಟು ತಪ್ಪಿಸಿ, ಪಕ್ಕದ ಮನೆಯವರನ್ನೋ ನೆಂಟರನ್ನೋ ಕೂರಿಸಿ. ಉಚ್ಚೆ ಹೊಯ್ದಿದ್ದಕ್ಕೆ ದಯಮಾಡಿ ಗದರಬೇಡಿ, ಅದು ಹಟವಲ್ಲ, ಹೆದರಿಕೆ.

ಕುಮಟಾದಿಂದ:
ನೆಲ ಟೈಲ್ಸಿನದೇ? ಮಣ್ಣಿನ ಅಂಗಳದಲ್ಲಿ ಓಡಾಡಿದ ಮುದಿ ಕಾಲು ಅದರ ಮೇಲೆ ನಿಲ್ಲುವುದಿಲ್ಲ. ನಮ್ಮವಳ ಹಿಂಗಾಲೆರಡೂ ಆಚೀಚೆ ಜಾರಿ, ಏಳಲಾಗದೆ ಬಿದ್ದಲ್ಲೇ ಕೂಗುತ್ತಿದ್ದಳು. ಮಲಗುವ ಜಾಗದಿಂದ ನೀರಿನ ಬಟ್ಟಲಿನ ತನಕ ಗೋಣಿಚೀಲ ಹಾಸಿ ಅಂಚಿಗೆ ಟೇಪು ಹಚ್ಚಿದೆವು, ಅರ್ಧ ಕೂಗು ಅಲ್ಲಿಗೇ ನಿಂತಿತು. ಊರಿನ ಕಂಬಳಿ ಇದ್ದರೆ ತೊಳೆಯದೇ ಹಾಕಿ, ಆ ವಾಸನೆ ಅವನಿಗೆ ಬೇಕು. ಹೊರಡುವಾಗ ಹಳೇ ಟವೆಲಿನೊಳಗೆ ಉಪ್ಪು-ಈರುಳ್ಳಿ ಇಲ್ಲದ ದೋಸೆ ಚೂರು ಸುತ್ತಿ ಕೊಡಿ. ಆದರೆ ಮೊದಲು ನಿಮ್ಮೆದುರೇ ಕೊಟ್ಟು ನೋಡಿ, ಕೆಲವು ನಾಯಿ ಬಟ್ಟೆಯನ್ನೇ ನುಂಗುತ್ತವೆ. ಮುಟ್ಟದೇ ಬಿಟ್ಟರೆ ಆತಂಕ ಇನ್ನೂ ಜಾಸ್ತಿ ಇದೆ ಎಂದು ತಿಳಿದು, ಹೊರಗಿರುವ ಹೊತ್ತು ಕಡಿಮೆ ಮಾಡಿ.

ಕೋಡಿಬಾಗದಿಂದ:
ಬೆಳಿಗ್ಗೆ ಬಿಸಿಲೇರುವ ಮುಂಚೆ ಟಾಗೋರ್ ಕಡಲತೀರಕ್ಕೆ ಕರೆದೊಯ್ಯಿರಿ. ಓಡಿಸಬೇಡಿ, ಮೂಸುತ್ತಾ ನಿಲ್ಲಲು ಬಿಡಿ. ಸಮುದ್ರದ ನೀರು ಕುಡಿದರೆ ವಾಂತಿ ಮಾಡುತ್ತಾನೆ, ಬಾಟಲಿಯಲ್ಲಿ ನೀರು ಇರಲಿ. ಜೂನ್ ಮಳೆ ಹಿಡಿಯುವುದರೊಳಗೆ ಒಂಟಿ ಇರುವ ಅಭ್ಯಾಸ ಮುಗಿಸಿಕೊಳ್ಳಿ. ಗುಡುಗಿದ ದಿನ ಮಾತ್ರ ಒಂಟಿ ಬಿಡಲೇಬೇಡಿ.