ಟೈಮರ್ ತೆರೆದೊಡನೆ ಕರ್ನೆಲ್ ಕುಸಿಯುತ್ತಿದೆ: ಅನುಭವ ಇದ್ದವರು ಹೇಳಿ

ಬಿಡುವಿನಲ್ಲಿ 32 ಬಿಟ್‌ನ ಪುಟ್ಟ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇನೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಇಂಟರಪ್ಟ್‌ಗಳಿಗೆ (ಟೈಮರ್, ಕೀಬೋರ್ಡ್‌ಗಳು ಪ್ರೊಸೆಸರ್‌ಗೆ ಕೊಡುವ ಕರೆಗಳಿಗೆ) ಅನುಮತಿ ಕೊಟ್ಟ ಕ್ಷಣವೇ, ಕರ್ನೆಲ್ ಓಡಿಸುವ ನಕಲಿ ಕಂಪ್ಯೂಟರ್ ಕ್ಯೂಎಮು ಮೊದಲಿನಿಂದ ಬೂಟ್ ಆಗುತ್ತದೆ. ಎಲ್ಲಿ ಹುಡುಕಲಿ? ಮುಂದೆ ಕನ್ನಡದಲ್ಲಿ ‘ನಮಸ್ಕಾರ’ ಬರೆಸುವ ಆಸೆಯೂ ಇದೆ.

ಉತ್ತರ 1
ಇದೇ ಗುಂಡಿಯಲ್ಲಿ ನಾನು ಎರಡು ವಾರ ಬಿದ್ದಿದ್ದೆ. ಬಯೋಸ್ (ಕಂಪ್ಯೂಟರ್ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಬಿಟ್ಟುಹೋದ ವ್ಯವಸ್ಥೆಯಲ್ಲಿ ಟೈಮರ್‌ನ ಕರೆ ಬರುವುದು 8ನೇ ವೆಕ್ಟರ್‌ಗೆ, ಅಂದರೆ ಕರೆಗೆ ಕೊಟ್ಟ ಸಂಖ್ಯೆ 8. 32 ಬಿಟ್ ಕರ್ನೆಲ್ ಓಡುವ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಅದೇ 8 ಡಬಲ್ ಫಾಲ್ಟ್‌ನದು, ಅಂದರೆ ಒಂದು ತಪ್ಪನ್ನು ನಿಭಾಯಿಸುವಾಗ ಆದ ಇನ್ನೊಂದು ತಪ್ಪಿನದು. ಪಾಪ, ಟೈಮರ್ ಬಾಗಿಲು ತಟ್ಟಿದ್ದಷ್ಟೇ; ಕರ್ನೆಲ್‌ಗೆ ಮಾತ್ರ ಛಾವಣಿ ಕುಸಿದಂತೆ ಕೇಳಿಸುತ್ತದೆ. ಅಲ್ಲಿ ಸರಿಯಾದ ಹ್ಯಾಂಡ್ಲರ್ (ಕರೆಗೆ ಉತ್ತರಿಸುವ ಫಂಕ್ಷನ್) ಇಲ್ಲದಿದ್ದರೆ ತಪ್ಪಿನ ಮೇಲೆ ತಪ್ಪಾಗಿ ಟ್ರಿಪಲ್ ಫಾಲ್ಟ್, ಅಲ್ಲಿಂದ ರೀಸೆಟ್. ಈ ಕರೆಗಳನ್ನು ಪ್ರೊಸೆಸರ್‌ಗೆ ತಲುಪಿಸುವ ಪಿಐಸಿ ಚಿಪ್‌ನ ವೆಕ್ಟರ್‌ಗಳನ್ನು 32ರಿಂದ ಆರಂಭವಾಗುವಂತೆ ಸರಿಸಿ. ಮೊದಲ 32 ಪ್ರೊಸೆಸರ್‌ಗೇ ಮೀಸಲು.

ಅದಾದ ಮೇಲೂ ನನ್ನ ಪರದೆಯಲ್ಲಿ ‘1’ ಮೂಡಿತು, ಆಮೇಲೆ ಏನೂ ಇಲ್ಲ. ಒಂದು ಟಿಕ್, ಮತ್ತೆ ಮೌನ! ಕೆಲಸ ಮುಗಿಯಿತೆಂದು ಚಿಪ್‌ಗೆ ತಿಳಿಸಿರಲಿಲ್ಲ. ಅದರ ಪೋರ್ಟ್ ಹೆಕ್ಸ್ 20ಕ್ಕೆ (ಹದಿನಾರರ ಎಣಿಕೆಯಲ್ಲಿ 20) ಹೆಕ್ಸ್ 20 ಎಂದೇ ಬರೆಯಬೇಕು. ಕೀಬೋರ್ಡ್‌ನದೂ ಇದೇ ಜಾತಿಯ ಹಟ: ಪೋರ್ಟ್ ಹೆಕ್ಸ್ 60ರಿಂದ ಕೋಡ್ ಓದಿಕೊಳ್ಳದಿದ್ದರೆ ಮುಂದಿನ ಕೀಲಿ ಬರುವುದಿಲ್ಲ.

ಉತ್ತರ 2
ಊಹಿಸುತ್ತಾ ಕೂರಬೇಡಿ. ಕ್ಯೂಎಮುವಿನಲ್ಲಿ ಇಂಟರಪ್ಟ್‌ಗಳನ್ನು ದಾಖಲಿಸುವ ಆಯ್ಕೆಯಿದೆ, ರೀಬೂಟ್ ತಡೆಯುವ ಆಯ್ಕೆಯೂ ಇದೆ. ಎರಡನ್ನೂ ಹಾಕಿದರೆ ಸಾಯುವ ಮುನ್ನ ಬಂದ ವೆಕ್ಟರ್ ಯಾವುದೆಂದು ಕೊನೆಯ ಸಾಲುಗಳಲ್ಲೇ ಸಿಗುತ್ತದೆ. ಪರದೆಯನ್ನು ನೆಚ್ಚದೆ ಸಂದೇಶ ಹೊರಗೆ ಕಳಿಸಲು ಸೀರಿಯಲ್ ಪೋರ್ಟ್‌ಗೆ ಬರೆಯುವ ಫಂಕ್ಷನ್ ಇನ್ನೂ ಇಲ್ಲವೆಂದರೆ ಇವತ್ತೇ ಬರೆದುಕೊಳ್ಳಿ. ಬೂಟ್‌ಲೋಡರ್ (ಕರ್ನೆಲ್ ಅನ್ನು ಮೆಮೊರಿಗೆ ತರುವ ಪ್ರೋಗ್ರಾಮ್) ನಿಮ್ಮದೇ ಆಗಿದ್ದರೆ ಸದ್ಯಕ್ಕೆ ಬದಿಗಿಟ್ಟು ಸಿದ್ಧವಾಗಿ ಸಿಗುವ ಗ್ರಬ್ ಬಳಸಿ.

ಉತ್ತರ 3
ಗ್ರಬ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಡಿಸ್ಕ್‌ನ ಮೊದಲ ಸೆಕ್ಟರ್‌ನ 512 ಬೈಟ್‌ಗಳಲ್ಲಿ ಸ್ವಂತ ಬೂಟ್‌ಲೋಡರ್‌ನ ಎಲ್ಲವನ್ನೂ ತುರುಕುವ ಒದ್ದಾಟದಲ್ಲಿ ನಾನು ಕಲಿತದ್ದು ಬೇರೆಲ್ಲೂ ಸಿಗಲಿಲ್ಲ.

ಇನ್ನು ಕನ್ನಡ. ನೀವು ಈಗ ಬಳಸುತ್ತಿರಬಹುದಾದ ವಿಜಿಎ ಟೆಕ್ಸ್ಟ್ ಮೋಡ್‌ನಲ್ಲಿ (ಪರದೆಗೆ ಅಕ್ಷರಗಳನ್ನಷ್ಟೇ ಕಳಿಸುವ ವಿಧಾನ) ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ‘ಸ್ಕಾ’ದ ಒತ್ತಿಗೆ ಕೆಳಗೆ ಜಾಗವೇ ಇಲ್ಲ. ಪರದೆಯ ಒಂದೊಂದು ಚುಕ್ಕೆಯನ್ನೂ ನಾವೇ ಬರೆಯುವ ಫ್ರೇಮ್‌ಬಫರ್‌ಗೆ ಹೋಗುವುದೇ ಒಳ್ಳೆಯದು. ಅಕ್ಷರ ಜೋಡಿಸುವ ಎಂಜಿನ್ ಬರೆಯಲು ಈಗಲೇ ಹೊರಡಬೇಡಿ, ಅದು ಇನ್ನೊಂದು ಜನ್ಮದ ಕೆಲಸ. ನಾನು ಗ್ರಾಫ್ ಹಾಳೆಯ ಮೇಲೆ ‘ನ’, ‘ಮ’, ‘ಸ್ಕಾ’, ‘ರ’ ಎಂದು ನಾಲ್ಕು ಚಿತ್ರ ಬಿಡಿಸಿ, ಚೌಕಗಳನ್ನು ಬಿಟ್‌ಗಳಾಗಿ ಎಣಿಸಿ ಸೇರಿಸಿದೆ. ಕ ಒತ್ತು ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಮೂಡಿದಾಗ ಅಮ್ಮನನ್ನು ಕರೆದು ತೋರಿಸಿದೆ. ‘ಇಷ್ಟಕ್ಕಾ ರಾತ್ರಿಯೆಲ್ಲ ದೀಪ ಉರಿಸಿದ್ದು?’ ಎಂದರು.