‘ಸ್ವಯಂಚಾಲಿತ’ವೋ ‘ಸ್ವಾಯತ್ತ’ವೋ: ತಾನೇ ದಾರಿ ಕಂಡುಕೊಳ್ಳುವ ವಿಮಾನಕ್ಕೆ ಯಾವುದು ತಕ್ಕ ವಿಶೇಷಣ?

ಮಾನ್ಯರೆ,

ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವೊಂದು ಅಟಾನಮಸ್ ವಿಮಾನಗಳನ್ನು ಕಟ್ಟುತ್ತಿದೆ. ಸುತ್ತಲಿನ ಪ್ರೌಢಶಾಲೆಗಳ ಮಕ್ಕಳಿಗಾಗಿ ಅವರು ಬರೆದಿರುವ ಕನ್ನಡ ಕೈಪಿಡಿಯನ್ನು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿದ್ದು, ಆ ‘ಅಟಾನಮಸ್’ ಎಂಬ ವಿಶೇಷಣದ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಕರಡಿನಲ್ಲಿ ಒಂದೆಡೆ ‘ಮಾನವರಹಿತ’, ಇನ್ನೊಂದೆಡೆ ‘ಸ್ವಯಂಚಾಲಿತ’, ಮತ್ತೊಂದೆಡೆ ‘ಸ್ವಾಯತ್ತ’ ಎಂದಿದೆ. ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳು ಪೈಲಟ್ ದೂರದಿಂದ ನಡೆಸುವ ವ್ಯವಸ್ಥೆಯನ್ನೂ ಅಟಾನಮಸ್ ವ್ಯವಸ್ಥೆಯನ್ನೂ ಮಾನವರಹಿತ ವಿಮಾನಗಳ ಬೇರೆ ಬೇರೆ ಉಪವರ್ಗಗಳಾಗಿ ಎಣಿಸುವುದರಿಂದ, ಎರಡಕ್ಕೂ ಸಲ್ಲುವ ಮೊದಲನೆಯ ಪದವನ್ನು ಬಿಡಬಹುದು.

ತೊಡಕಿರುವುದು ಉಳಿದೆರಡರಲ್ಲಿ. ಎತ್ತರವನ್ನೂ ದಿಕ್ಕನ್ನೂ ಕಾಯ್ದುಕೊಂಡು, ಮೊದಲೇ ಗುರುತಿಸಿಟ್ಟ ಜಿಪಿಎಸ್ ಬಿಂದುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗುವ ಆಟೊಪೈಲಟ್ ಕೆಲಸಕ್ಕೆ ‘ಸ್ವಯಂಚಾಲಿತ’ ಸರಿಯಾಗಿ ಹೊಂದುತ್ತದೆ. (ಮರಾಠಿಯ ರೂಪದ ಪ್ರಭಾವವೋ ಏನೋ, ನಮ್ಮ ಕಡೆ ‘ಸ್ವಯಂಚಲಿತ’ ಎಂದು ಬರೆಯುವವರೂ ಇದ್ದಾರೆ, ಚಾಲನೆಗೊಂಡದ್ದು ಎಂಬ ಅರ್ಥಕ್ಕೆ ದೀರ್ಘವೇ ಯುಕ್ತವೆಂದು ನನ್ನ ಎಣಿಕೆ.) ಆದರೆ ಅದೇ ವಿಮಾನ, ಅಡ್ಡ ಬಂದ ಮರವನ್ನು ಕ್ಯಾಮೆರಾದಿಂದ ಗುರುತಿಸಿ, ಕೊಟ್ಟ ದಾರಿಯನ್ನು ಬಿಟ್ಟು ಬೇರೊಂದನ್ನು ತಾನೇ ಲೆಕ್ಕ ಹಾಕಿಕೊಂಡಾಗ, ಅಲ್ಲೊಂದು ನಿರ್ಧಾರ ನಡೆದಿರುತ್ತದೆ. ವಿದ್ಯಾರ್ಥಿಗಳ ಹೆಚ್ಚಿನ ದುಡಿಮೆ ಇರುವುದೇ ಈ ಹಂತದಲ್ಲಿ. ಬಟ್ಟೆ ಒಗೆಯುವ ಯಂತ್ರಕ್ಕೂ ಸಲ್ಲುವ ಪದದಿಂದಲೇ ಅದನ್ನು ಹೇಳಿ ಮುಗಿಸುವುದು ನ್ಯಾಯವೆನಿಸುವುದಿಲ್ಲ.

‘ಆಯತ್ತ’ವೆಂದರೆ ಅಧೀನ, ತನಗೆ ತಾನೇ ಅಧೀನವಾದದ್ದು ‘ಸ್ವಾಯತ್ತ’. ಅರ್ಥ ಒಪ್ಪುತ್ತದೆ, ಬಳಕೆ ಒಪ್ಪುವುದೇ ಎಂಬುದು ಸಂದೇಹ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಾದ ಈ ಊರಿನಲ್ಲಿ ‘ಸ್ವಾಯತ್ತ’ವೆಂದೊಡನೆ ನೆನಪಾಗುವುದು ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾವೇ ನಡೆಸಿಕೊಳ್ಳುವ ಕಾಲೇಜುಗಳು, ಅದು ಮೇಲಿನವರು ಕೊಟ್ಟ ಹಕ್ಕು, ಯಂತ್ರದ ಗುಣವಲ್ಲ. ‘ಸ್ವನಿರ್ಧಾರಿತ’ವೆಂಬ ಸಲಹೆಯೂ ಬಂದಿತ್ತು, ಆದರೆ ಅದು ನಿರ್ಧಾರಕ್ಕೆ ಒಳಗಾದದ್ದನ್ನು ಹೇಳುತ್ತದೆಯೇ ಹೊರತು ನಿರ್ಧರಿಸುವುದನ್ನಲ್ಲ.

ಕನ್ನಡದ ಕ್ರಿಯಾಪದವೇ ಇಲ್ಲಿ ನೆರವಾಗಬಹುದು. ರಿಮೋಟ್ ಹಿಡಿದವರು ವಿಮಾನವನ್ನು ಹಾರಿಸುತ್ತಾರೆ, ಇದಾದರೋ ಹಾರುತ್ತದೆ. ಆದ್ದರಿಂದ ಮೊದಲ ಸಲ ‘ತಾನೇ ದಾರಿ ಕಂಡುಕೊಂಡು ಹಾರುವ ವಿಮಾನ’ ಎಂದು ಬಿಡಿಸಿ ಹೇಳಿ, ಮುಂದೆ ‘ಸ್ವಾಯತ್ತ ವಿಮಾನ’ ಎಂದು ಬಳಸುವುದು ನನ್ನ ಒಲವು. ಯಂತ್ರಗಳ ವಿಷಯದಲ್ಲಿ ‘ಸ್ವಾಯತ್ತ’ವನ್ನು ಹೀಗೆ ಬಳಸಿದ ಬರಹಗಳನ್ನು ಯಾರಾದರೂ ಕಂಡಿದ್ದರೆ, ಅಥವಾ ಎಂಟನೆಯ ತರಗತಿಯ ಮಕ್ಕಳ ಬಾಯಿಗೆ ಸುಲಭವಾಗಿ ಬರುವ ಬೇರೆ ಪದ ಹೊಳೆದರೆ, ದಯವಿಟ್ಟು ಪ್ರಯೋಗದ ವಾಕ್ಯದೊಂದಿಗೆ ತಿಳಿಸಬೇಕಾಗಿ ವಿನಂತಿ.