ಸಹಾಯ ಬೇಕು: ಕಚೇರಿ ತಂತ್ರಾಂಶಕ್ಕೆ ಮಾಲ್‌ವೇರ್ ಪತ್ತೆ ಸೇರಿಸಬೇಕೇ?

ನಮ್ಮ ಸಣ್ಣ ತಂಡ ಕಚೇರಿಗಳಿಗಾಗಿ ಕಡತ ಹಂಚಿಕೆಯ ತಂತ್ರಾಂಶವನ್ನು ರೂಪಿಸುತ್ತಿದೆ. ಅಪ್‌ಲೋಡ್ ಆಗುವ ಕಡತಗಳಲ್ಲಿ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇದೆಯೇ ಎಂದು ನಾವೇ ನೋಡಬೇಕೇ ಅಥವಾ ಅದನ್ನು ಬಳಕೆದಾರರ ಆಂಟಿವೈರಸ್‌ಗೆ ಬಿಡಬೇಕೇ ಎಂಬುದು ಇತ್ಯರ್ಥವಾಗುತ್ತಿಲ್ಲ.

ಮುಕ್ತ ಆಂಟಿವೈರಸ್ ತಂತ್ರಾಂಶವಾದ ಕ್ಲ್ಯಾಮ್‌ಎವಿಯನ್ನು ಜೋಡಿಸಿ, ಐಕಾರ್ ಪರೀಕ್ಷಾ ಕಡತವನ್ನು ಕೊಟ್ಟೆ, ಹಿಡಿಯಿತು. ಆದರೆ ಅದು ಹಿಡಿಯಲೆಂದೇ ಮಾಡಿದ ನಿರಪಾಯಕಾರಿ ಕಡತ, ಅದರಿಂದ ಧೈರ್ಯ ಬರುವುದಿಲ್ಲ. ಪಾಸ್‌ವರ್ಡ್ ತಿಳಿಯದ ಜಿಪ್ ಕಡತದ ಒಳಗನ್ನು ಯಾವ ಸ್ಕ್ಯಾನರ್ ತಾನೇ ನೋಡೀತು? ಮ್ಯಾಕ್ರೊ (ಹಾಳೆಯೊಳಗೇ ಓಡುವ ಪುಟ್ಟ ಪ್ರೋಗ್ರಾಂ, ಮಾಲ್‌ವೇರ್ ಅದರಲ್ಲೂ ಅಡಗಬಹುದು) ಇರುವ ಎಕ್ಸೆಲ್ ಹಾಳೆಗಳನ್ನೆಲ್ಲ ತಡೆದರೆ ಲೆಕ್ಕಪತ್ರ ವಿಭಾಗದ ಕೆಲಸವೇ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ‘ಸುರಕ್ಷಿತ’ ಎಂಬ ಹಸಿರು ಗುರುತು ಕಂಡು ಜನ ಮೈಮರೆತರೆ ಎಂಬ ಭಯ ನನ್ನನ್ನು ಕಾಡುತ್ತಿದೆ.

ಇಂಥ ವ್ಯವಸ್ಥೆಯನ್ನು ನಡೆಸಿದವರು ದಯವಿಟ್ಟು ತಿಳಿಸಿ: ತಪ್ಪಾಗಿ ತಡೆಹಿಡಿದ ಕಡತವನ್ನು ಬಿಡಿಸುವ ಅಧಿಕಾರವನ್ನು ಯಾರಿಗೆ ಕೊಟ್ಟಿರಿ? ಸಹಿ ಪಟ್ಟಿ (ಮಾಲ್‌ವೇರ್‌ಗಳನ್ನು ಗುರುತಿಸುವ ಚಹರೆಗಳ ಪಟ್ಟಿ) ನವೀಕರಣವಾದಾಗ ಹಳೆಯ ಕಡತಗಳನ್ನು ಮತ್ತೆ ಪರೀಕ್ಷಿಸುತ್ತೀರಾ?